ಅಜ್ಜಿಯ ಟೋಪಿಯಲ್ಲಿ ಸಾವಿನ ಸುಳಿವು

ಕಥೆಯಲ್ಲಿ ಯಾರನ್ನಾದರೂ ಸಾಯಿಸುವುದಿದ್ದರೆ ಮೊದಲೇ ಗೂಬೆ ಕೂಗಿಸಬೇಡಿ, ದೀಪ ಆರಿಸಬೇಡಿ. ಓದುಗರು ಅದನ್ನೆಲ್ಲ ಬೇಕಾದಷ್ಟು ಕಂಡಿದ್ದಾರೆ. ಅಮೆರಿಕದ ಫ್ಲ್ಯಾನರಿ ಒಕಾನರ್ ಅವರ 1953ರ ಕಥೆ ‘ಎ ಗುಡ್ ಮ್ಯಾನ್ ಈಸ್ ಹಾರ್ಡ್ ಟು ಫೈಂಡ್’ ನೋಡಿ. ಪ್ರವಾಸ ಹೊರಟ ಅಜ್ಜಿ ಬಿಳಿ ಹೂವಿನ ಟೋಪಿ, ಲೇಸಿನ ಕಾಲರು ತೊಟ್ಟು ಕಾರಿನಲ್ಲಿ ಕೂತಿದ್ದಾಳೆ. ಅಪಘಾತವಾಗಿ ರಸ್ತೆಯಲ್ಲಿ ಹೆಣವಾಗಿ ಬಿದ್ದರೂ, ನೋಡಿದವರಿಗೆ ತಾನು ಮರ್ಯಾದಸ್ಥೆ ಅಂತ ಗೊತ್ತಾಗಬೇಕಂತೆ! ನಾವು ನಗುತ್ತೇವೆ, ಸುಳಿವು ಆ ನಗುವಿನ ಮರೆಯಲ್ಲೇ ನುಸುಳಿಬಿಡುತ್ತದೆ. ಮುಂದೆ ಹತ್ತಿ ಹೊಲದ ನಡುವೆ ಐದಾರು ಗೋರಿ. ಕಾರಿನಲ್ಲಿರುವವರು ಆರು ಜನ. ಲೇಖಕಿ ಲೆಕ್ಕ ಬಿಡಿಸಿ ಹೇಳುವುದಿಲ್ಲ. (ಆಮೇಲೆ ಬರುವ ಕಪ್ಪು ಕಾರನ್ನು ಹೆಣದ ಗಾಡಿಗೆ ಹೋಲಿಸಿದ್ದು ಮಾತ್ರ ತುಸು ಹೆಚ್ಚಾಯಿತೇನೋ.) ನೀವೂ ಕಥೆ ಬರೆದು ಮುಗಿಸಿ, ಮೊದಲ ಪುಟಕ್ಕೆ ಮರಳಿ, ಪಾತ್ರದ ಯಾವುದಾದರೊಂದು ಚಾಳಿಯೊಳಗೆ ಸುಳಿವನ್ನು ಬಚ್ಚಿಡಿ.