ಜೇನುಕುಲದ ರೋಗನಿರೋಧ ಮತ್ತು ತಳಿಸಂವರ್ಧನೆ

ಕಾವ್ಯಪರಂಪರೆಯಲ್ಲಿ ತುಂಬಿಗೆ ದೊರೆತ ಮನ್ನಣೆ ಮಿಕ್ಕ ಕೀಟಗಳಿಗೆ ದೊರೆತಿಲ್ಲ. ಆದರೆ ಕವಿಗಳು ಕಂಡುದು ಹೂವಿನಿಂದ ಹೂವಿಗೆ ಹಾರುವ ರಸಿಕನನ್ನು, ಗೂಡಿನೊಳಗಣ ಗೃಹಕೃತ್ಯವನ್ನಲ್ಲ. ಜೇನುನೊಣವು ಮಕರಂದಕ್ಕಾಗಿ ಹೊರಗೆ ಹಾರುವುದು ಬಾಳಿನ ಉತ್ತರಾರ್ಧದಲ್ಲಿ. ಅದಕ್ಕೆ ಮುನ್ನ ಅದು ಗೂಡನ್ನು ಶುಚಿಗೊಳಿಸುತ್ತದೆ, ಮರಿಹುಳುಗಳಿಗೆ ಉಣಿಸುತ್ತದೆ, ಎರಿ ಕಟ್ಟುತ್ತದೆ. ಕುಲವನ್ನು ರೋಗದಿಂದ ಕಾಯುವ ಶಕ್ತಿಯ ಮುಖ್ಯವಾದೊಂದು ಅಂಶವು ಈ ಗೃಹಕೃತ್ಯದಲ್ಲಿಯೇ ಅಡಗಿದೆ ಎಂಬುದು ಇಪ್ಪತ್ತನೆಯ ಶತಮಾನದ ಸಂಶೋಧನೆಯಿಂದ ತಿಳಿದುಬಂದ ಸಂಗತಿ.

ಉತ್ತಮವಾದ ತೆನೆಯನ್ನು ಬಿತ್ತನೆಗೆ ಎತ್ತಿಡುವುದು ರೈತನಿಗೆ ಹೊಸದಲ್ಲ. ಗುಣವಂತವಾದುದನ್ನು ಆರಿಸಿ ಅದರಿಂದಲೇ ಸಂತತಿಯನ್ನು ಬೆಳೆಸುವ ಈ ಕ್ರಮವೇ ತಳಿಸಂವರ್ಧನೆ. ಜೇನಿನ ವಿಷಯದಲ್ಲಿ ಮಾತ್ರ ಇದು ಸುಲಭಸಾಧ್ಯವಲ್ಲ. ರಾಣಿನೊಣವು ಆಕಾಶದಲ್ಲಿ ಹಾರುತ್ತಲೇ ಹತ್ತಕ್ಕೂ ಹೆಚ್ಚು ಗಂಡುನೊಣಗಳನ್ನು ಕೂಡುತ್ತದೆ. ತಾಯಿಯನ್ನು ಆರಿಸಬಹುದಲ್ಲದೆ ತಂದೆಯರನ್ನು ಆರಿಸುವುದು ಕಷ್ಟ. ಇದಲ್ಲದೆ, ಪರೀಕ್ಷಿಸಬೇಕಾದುದು ಒಂದು ನೊಣವನ್ನಲ್ಲ, ಸಹಸ್ರಾರು ನೊಣಗಳ ಇಡೀ ಕುಟುಂಬವನ್ನು.

ಈ ಕಾರ್ಯದಲ್ಲಿ ಮೊದಲು ನೆನೆಯಬೇಕಾದವರಲ್ಲಿ ಇಂಗ್ಲೆಂಡಿನ ಬಕ್‌ಫಾಸ್ಟ್ ಮಠದ ಸಂನ್ಯಾಸಿ ಬ್ರದರ್ ಆಡಮ್ ಒಬ್ಬರು. 1898ರಲ್ಲಿ ಜರ್ಮನಿಯಲ್ಲಿ ಜನಿಸಿದ ಇವರು ಬಾಲ್ಯದಲ್ಲಿಯೇ ಆ ಮಠವನ್ನು ಸೇರಿದರು. ಆ ಕಾಲದಲ್ಲಿ, ವೈಟ್ ದ್ವೀಪದಲ್ಲಿ ಮೊದಲು ಕಾಣಿಸಿಕೊಂಡ ಒಂದು ವ್ಯಾಧಿಯು ಬ್ರಿಟನ್ನಿನ ಜೇನುಗಳನ್ನು ನಾಶಮಾಡುತ್ತಲಿತ್ತು. 1915-16ರ ಚಳಿಗಾಲ ಕಳೆಯುವಷ್ಟರಲ್ಲಿ ಮಠದ 46 ಕುಟುಂಬಗಳ ಪೈಕಿ ಉಳಿದವು 16 ಮಾತ್ರ. ನಾಡಿನ ಕಪ್ಪು ತಳಿಯವೆಲ್ಲ ಅಳಿದುವು. ಇಟಲಿಯ ರಕ್ತಸಂಬಂಧವುಳ್ಳವು ಉಳಿದುವು. ನೊಣದ ಶ್ವಾಸನಾಳದಲ್ಲಿ ನೆಲಸುವ ಸೂಕ್ಷ್ಮ ನುಸಿಯನ್ನು 1921ರಲ್ಲಿ ಜಾನ್ ರೆನ್ನಿ ಮತ್ತು ಅವರ ಸಹೋದ್ಯೋಗಿಗಳು ವರ್ಣಿಸಿದರು. ಆ ವಿಪತ್ತಿಗೆ ನುಸಿಯೊಂದೇ ಕಾರಣವಲ್ಲವೆಂಬ ವಾದವೂ ಮುಂದೆ ಹುಟ್ಟಿತು. ಕಾರಣವೇನೇ ಇರಲಿ, ಉಳಿದವು ಏಕೆ ಉಳಿದುವು ಎಂಬ ಪ್ರಶ್ನೆಯನ್ನು ಆಡಮ್ ಅವರು ಹಿಡಿದರು. 1925ರಲ್ಲಿ ಅವರು ಡಾರ್ಟ್‌ಮೂರ್ ಎಂಬ ನಿರ್ಜನವಾದ ಬಯಲಿನಲ್ಲಿ ರಾಣಿಗಳ ಸಂಯೋಗಕ್ಕೆಂದೇ ಪ್ರತ್ಯೇಕ ನೆಲೆಯೊಂದನ್ನು ಏರ್ಪಡಿಸಿದರು. ಅನ್ಯ ಗಂಡುನೊಣಗಳು ಸುಳಿಯದ ಅಂಥ ಎಡೆಯಲ್ಲಿ ತಂದೆಯರ ಆಯ್ಕೆಯೂ ಸಾಧ್ಯ. 1950ರಿಂದ ಮುಂದೆ ದೇಶದೇಶಗಳನ್ನು ಸುತ್ತಿ, ನಾನಾ ತಳಿಗಳನ್ನು ತಂದು ಬೆರಸಿದರು. 1996ರಲ್ಲಿ ತೀರಿಕೊಳ್ಳುವ ವೇಳೆಗೆ 'ಬಕ್‌ಫಾಸ್ಟ್' ತಳಿಯ ಹೆಸರು ಲೋಕವಿಖ್ಯಾತವಾಗಿತ್ತು.

ಆಯ್ಕೆಯಿಂದ ಫಲ ದೊರೆಯುವುದೆಂದು ಆಡಮ್ ತೋರಿಸಿದರೆ, ಅಂಥ ಗುಣವು ಮರಿಗಳಿಗೆ ಇಳಿದುಬರುವ ಬಗೆಯನ್ನು ಬೇರೊಂದು ರೋಗದ ಮೂಲಕ ತೋರಿಸಿದವರು ಅಮೆರಿಕದ ವಾಲ್ಟರ್ ರಾಥನ್‌ಬ್ಯೂಲರ್. 'ಅಮೆರಿಕನ್ ಫೌಲ್‌ಬ್ರೂಡ್' ಎಂಬುದು ಮರಿಹುಳುಗಳನ್ನು ಕೊಳೆಯಿಸುವ ಬ್ಯಾಕ್ಟೀರಿಯಾ ರೋಗ. ಇದರ ಬೀಜಾಣುಗಳು ದಶಕಗಳ ಕಾಲ ಸಾಯದೆ ಉಳಿಯಬಲ್ಲವು. ಕೆಲವು ಕುಟುಂಬಗಳ ನೊಣಗಳು ರೋಗಗ್ರಸ್ತ ಮರಿಯಿರುವ ಕಣದ ಮೇಣದ ಮುಚ್ಚಳವನ್ನು ತೆರೆದು, ಬೀಜಾಣುಗಳು ಬಲಿಯುವ ಮುನ್ನವೇ ಮರಿಯನ್ನು ಹೊರಹಾಕುತ್ತವೆ. ಇಂತಹ ಶುಚಿವಂಶವನ್ನು, ಹಾಗೆ ಮಾಡದ ವಂಶದೊಡನೆ ಅವರು ಬೆರಸಿದರು. ಮೊದಲ ತಲೆಮಾರಿನಲ್ಲಿ ಈ ಗುಣವು ಅಡಗಿಹೋಯಿತು. ಆ ಮಿಶ್ರ ಸಂತತಿಯನ್ನು ಪುನಃ ಶುಚಿವಂಶದೊಡನೆ ಕೂಡಿಸಿದಾಗ ದೊರೆತ 29 ಕುಟುಂಬಗಳಲ್ಲಿ, 6 ಎರಡೂ ಕೆಲಸಗಳನ್ನು ಮಾಡಿದವು. 9 ಮುಚ್ಚಳವನ್ನು ತೆರೆದು ಮರಿಯನ್ನು ಹಾಗೆಯೇ ಬಿಟ್ಟವು. ಉಳಿದ 14 ಏನನ್ನೂ ಮಾಡಲಿಲ್ಲ. ಈ 14ರಲ್ಲಿ ಸಂಶೋಧಕರು ತಾವೇ ಮುಚ್ಚಳಗಳನ್ನು ತೆಗೆದಾಗ 6 ಕುಟುಂಬಗಳು ಸತ್ತ ಮರಿಗಳನ್ನು ಹೊರಹಾಕಿದವು! ತೆರೆಯುವುದು ಒಂದು ಗುಣ, ಹೊರಹಾಕುವುದು ಇನ್ನೊಂದು ಗುಣವೆಂದು ಅವರು 1964ರಲ್ಲಿ ಪ್ರತಿಪಾದಿಸಿದರು. ಈ ನಡವಳಿಕೆಯ ಹಿಂದೆ ಎರಡಕ್ಕಿಂತ ಹೆಚ್ಚಿನ ವಂಶವಾಹಿಗಳಿವೆಯೆಂದು ಮುಂದಿನ ಸಂಶೋಧನೆಗಳು ತಿಳಿಸಿವೆ. ಆದರೂ ಆ ಪ್ರಯೋಗದ ಮಹತ್ತ್ವ ಕುಂದಿಲ್ಲ. ಇದನ್ನು ಮುಂದುವರಿಸಿದ ಮಾರ್ಲಾ ಸ್ಪೀವಾಕ್ ಅವರು ಮಿನೆಸೋಟದಲ್ಲಿ ಶುಚಿತಳಿಯೊಂದನ್ನು ಬೆಳೆಸಿದರು. ಎರಿಯ ಒಂದು ಭಾಗದ ಮರಿಗಳನ್ನು ದ್ರವ ನೈಟ್ರೋಜನ್ನಿನಿಂದ ಹೆಪ್ಪುಗಟ್ಟಿಸಿ ಕೊಂದು, ನೊಣಗಳು ಅವನ್ನು ಎಷ್ಟು ಬೇಗ ಹೊರಹಾಕುವುವೆಂದು ನೋಡುವುದೇ ಇಲ್ಲಿನ ಪರೀಕ್ಷೆ. 24 ಗಂಟೆಗಳೊಳಗೆ ನೂರಕ್ಕೆ 95ರಷ್ಟನ್ನು ತೆಗೆದ ಕುಟುಂಬವು ಉತ್ತೀರ್ಣ.

ಔಷಧವಿರುವಾಗ ಇಷ್ಟು ಶ್ರಮವೇಕೆಂದು ಕೇಳಬಹುದು. ಪ್ರತಿಜೈವಿಕಗಳು ಫೌಲ್‌ಬ್ರೂಡಿನ ಲಕ್ಷಣಗಳನ್ನು ಅಡಗಿಸುತ್ತವೆಯೇ ಹೊರತು ಬೀಜಾಣುಗಳನ್ನು ಕೊಲ್ಲಲಾರವು. ದುರ್ಬಲವಾದ ವಂಶವೂ ಔಷಧದ ಆಸರೆಯಲ್ಲಿ ಬಾಳಿ ಸಂತತಿಯನ್ನು ಬೆಳೆಸುತ್ತದೆ; ದೌರ್ಬಲ್ಯವು ತಲೆಮಾರಿನಿಂದ ತಲೆಮಾರಿಗೆ ಸಾಗುತ್ತದೆ. ಆದರೆ ಆಯ್ಕೆಗೂ ಮಿತಿಯುಂಟು. ಕೆಲವೇ ರಾಣಿಗಳಿಂದ ಇಡೀ ಕುಲವನ್ನು ಬೆಳೆಸಿದರೆ ರಕ್ತಸಂಬಂಧವು ಬಿಗಿಯಾಗಿ, ಅನೇಕ ತತ್ತಿಗಳಿಂದ ನಿರುಪಯುಕ್ತ ಗಂಡುಮರಿಗಳು ಹುಟ್ಟುತ್ತವೆ, ಅವನ್ನು ದುಡಿಮೆಯ ನೊಣಗಳೇ ತಿಂದುಹಾಕುತ್ತವೆ, ಕುಟುಂಬ ಕ್ಷೀಣಿಸುತ್ತದೆ. ಆದುದರಿಂದ ಒಂದು ಗುಣವನ್ನು ಆರಿಸುವಾಗ ವೈವಿಧ್ಯವನ್ನು ಕಳೆದುಕೊಳ್ಳದಿರುವುದೇ ತಳಿಸಂವರ್ಧಕನ ವಿವೇಕ.

ಕನ್ನಡನಾಡಿಗೂ ಈ ಪಾಠ ಹೊರಗಿನದಲ್ಲ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ದಕ್ಷಿಣ ಭಾರತದ ತುಡುವೆ ಜೇನಿಗೆ ತಗುಲಿ, ಕೊಡಗು, ಮಲೆನಾಡು, ಕರಾವಳಿಗಳ ಜೇನುಪೆಟ್ಟಿಗೆಗಳನ್ನು ಬರಿದುಮಾಡಿತು. ಆ ಹೊಡೆತವನ್ನು ತಾಳಿ ಉಳಿದ ಕುಟುಂಬಗಳಿಂದಲೇ ತುಡುವೆ ಸಾಕಣೆ ಕ್ರಮೇಣ ಚೇತರಿಸಿಕೊಂಡಿತು. ಪ್ರಕೃತಿಯು ಕಠೋರವಾಗಿ ಮಾಡಿದ ಆಯ್ಕೆಯನ್ನು ಮನುಷ್ಯನು ತಾಳ್ಮೆಯಿಂದ, ನಷ್ಟವಿಲ್ಲದೆ ಮಾಡಲೆತ್ನಿಸುವುದೇ ಈ ವಿದ್ಯೆ. ಜೇನು ಹೆಚ್ಚು ಕೊಡುವ ಪೆಟ್ಟಿಗೆಯನ್ನಷ್ಟೇ ಮೆಚ್ಚದೆ, ತನ್ನ ಮನೆಯನ್ನು ತಾನೇ ಶುಚಿಯಾಗಿಟ್ಟುಕೊಳ್ಳುವ ಪೆಟ್ಟಿಗೆಯನ್ನು ಗುರುತಿಸಿ, ಅದರ ರಾಣಿಯ ಸಂತತಿಯನ್ನು ಉಳಿಸುವ ಸಾಕಣೆದಾರನು ಮುಂದಿನ ತಲೆಮಾರಿಗೂ ಜೇನನ್ನು ಉಳಿಸಿದವನಾಗುತ್ತಾನೆ.