ಕೊಕ್ಕರೆ ರೋಗ: ಗೂಡು ತೆರೆಯುವ ಮೊದಲೇ ಲಸಿಕೆ

ಹೈನುಗಾರ ಸಹೋದರಿಯರೇ,

ಹಸು ಮೇವು ಬಿಟ್ಟರೆ ಕೂಡಲೇ ನಮಗೆ ಫೋನ್ ಮಾಡುತ್ತೀರಿ. ಹಿತ್ತಲ ಕೋಳಿ ತೂಕಡಿಸಿದರೆ ಯಾರೂ ಹೇಳುವುದಿಲ್ಲ. ಆದರೆ ಮೊಟ್ಟೆಯ ಕಾಸು, ಹಬ್ಬಕ್ಕೆ ಮಾರಿದ ಹುಂಜದ ಕಾಸು ನೇರ ನಿಮ್ಮ ಕೈಗೆ ಬರುವ ಹಣ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬಂದರೆ ಕೆಲವೇ ದಿನಗಳಲ್ಲಿ ಗೂಡು ಖಾಲಿಯಾಗಬಹುದು.

ಗುರುತಿಸುವುದು ಹೇಗೆ?
ರೆಕ್ಕೆ ಜೋತುಬಿದ್ದು ಕೋಳಿ ಮಂಕಾಗುತ್ತದೆ. ಹಸಿರು ಮಿಶ್ರಿತ ಬಿಳಿ ಭೇದಿ ಆಗುತ್ತದೆ. ಬಾಯಿ ತೆರೆದು ಉಸಿರಾಡುತ್ತದೆ. ಕೆಲವಕ್ಕೆ ಕತ್ತು ತಿರುಚಿಕೊಳ್ಳುತ್ತದೆ. ಇದು ವೈರಸ್ ರೋಗ. ಬಂದ ಮೇಲೆ ವಾಸಿ ಮಾಡುವ ಔಷಧ ಇಲ್ಲ. ಮೊದಲೇ ಲಸಿಕೆ ಹಾಕಿಸಬೇಕು.

ತೊಡಕು ಎಲ್ಲಿ?
ಲಸಿಕೆ ಸೀಸೆ ಸಾಮಾನ್ಯವಾಗಿ 100 ಕೋಳಿಗೆ ಆಗುವಷ್ಟು ಇರುತ್ತದೆ; ನಿಮ್ಮಲ್ಲಿರುವುದು ಹತ್ತು. ಕಲಸಿದ ಲಸಿಕೆಯನ್ನು ಎರಡು ಗಂಟೆಯೊಳಗೆ ಮುಗಿಸಬೇಕು, ನಾಳೆಗೆ ಇಡುವಂತಿಲ್ಲ. ಇನ್ನೊಂದು, ಬಿಟ್ಟು ಸಾಕಿದ ಕೋಳಿ ಹಗಲಲ್ಲಿ ಕೈಗೆ ಸಿಗುವುದಿಲ್ಲ.

ಪರಿಹಾರ ನಿಮ್ಮ ಡೇರಿಯಲ್ಲೇ ಇದೆ
ಹಾಲು ಹಾಕಲು ಬಂದಾಗ ಪ್ರತಿ ಮನೆಯ ಮರಿ ಎಷ್ಟು, ದೊಡ್ಡ ಕೋಳಿ ಎಷ್ಟು ಎಂದು ಬೇರೆ ಬೇರೆ ಬರೆಸಿ. ಪಟ್ಟಿಯನ್ನು ಪಶು ಆಸ್ಪತ್ರೆಗೆ ಕೊಟ್ಟು ದಿನ ಗೊತ್ತುಮಾಡಿ. ಆ ಬೆಳಿಗ್ಗೆ ಲಸಿಕೆ ಮುಗಿಯುವವರೆಗೆ ಗೂಡು ತೆರೆಯಬೇಡಿ, ಮಂಕರಿ ಎತ್ತಬೇಡಿ.

• 5ರಿಂದ 7 ದಿನದ ಮರಿಗೆ ಲಸೋಟಾ, ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ.
• 8 ವಾರ ತುಂಬಿದ ಮೇಲೆ ಆರ್2ಬಿ ಚುಚ್ಚುಮದ್ದು. ಇದನ್ನು ಚಿಕ್ಕ ಮರಿಗಳಿಗೆ ಹಾಕಬಾರದು. ಒಂದು ವಾರ ಮೊದಲು ಜಂತುನಾಶಕ ಕೊಡಿ.
• ಲಸಿಕೆಯನ್ನು ಐಸ್ ಹಾಕಿದ ಥರ್ಮಾಸಿನಲ್ಲೇ ತನ್ನಿ, ಬಿಸಿಲು ತಾಗಿಸಬೇಡಿ.
• ಕಾಯಿಲೆ ಬಿದ್ದ ಕೋಳಿಗೆ ಲಸಿಕೆ ಬೇಡ.
• ಮುಂದಿನ ಲಸಿಕೆ ಯಾವಾಗ ಎಂದು ಅಂದೇ ಕೇಳಿ ಬರೆದಿಟ್ಟುಕೊಳ್ಳಿ.

ಇದನ್ನೂ ಮರೆಯಬೇಡಿ
ಸಂತೆಯಿಂದ ತಂದ ಕೋಳಿಯನ್ನು ಎರಡು ಮೂರು ವಾರ ಬೇರೆ ಕಟ್ಟಿ ಸಾಕಿ. ರೋಗದ ಕೋಳಿಯನ್ನು ಅಗ್ಗಕ್ಕೆ ಮಾರಿದರೆ ರೋಗವನ್ನೇ ಹಂಚಿದಂತೆ. ಒಂದೆರಡು ಸತ್ತರೆ ತಿಪ್ಪೆಗೆ ಎಸೆಯದೆ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಒಟ್ಟಿಗೆ ಹಲವು ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ. ಹಕ್ಕಿಜ್ವರವೂ ಇರಬಹುದು, ತಕ್ಷಣ ಪಶು ಆಸ್ಪತ್ರೆಗೆ ತಿಳಿಸಿ.

ಬೇಸಿಗೆಗೆ ಮೊದಲೇ ಪಟ್ಟಿ ಸಿದ್ಧಮಾಡಿ. ನಿಮ್ಮ ಕೋಳಿ ಉಳಿಯಬೇಕಾದರೆ ಪಕ್ಕದ ಮನೆಯ ಕೋಳಿಗೂ ಲಸಿಕೆ ಆಗಬೇಕು. ಅವೆಲ್ಲ ಕೆದಕುವುದು ಒಂದೇ ತಿಪ್ಪೆಯನ್ನು.

– ಪಶುವೈದ್ಯಾಧಿಕಾರಿ