ಗಾಡಿಯ ಚಕ್ರ ಹಿಡಿದುಕೊಂಡರೆ

ಅಕ್ಕಂದಿರೇ, ಟೈರ್ ಗಾಡಿಯನ್ನು ನೀವೆಲ್ಲ ನೋಡಿದ್ದೀರಿ. ಗೊಬ್ಬರ, ಹುಲ್ಲು, ಸೌದೆ ಇದರಲ್ಲೇ ಬರುತ್ತವೆ. ಮಂಡ್ಯ, ಬೆಳಗಾವಿ ಕಡೆ ಕಬ್ಬನ್ನೂ ಇದರಲ್ಲಿ ಸಾಗಿಸುತ್ತಾರೆ.

ಮರದ ಚಕ್ರದ ಗಾಡಿಯಲ್ಲಿ ಚಕ್ರ ಕಳಚದಂತೆ ಅಚ್ಚಿನ ತುದಿಗೆ ಕಡಾಣಿ ಹಾಕುತ್ತಾರೆ. ಸರಾಗವಾಗಿ ತಿರುಗಲಿ ಎಂದು ಕೀಲೆಣ್ಣೆ ಬಿಡುತ್ತಾರೆ. ಟೈರ್ ಗಾಡಿಯಲ್ಲಿ ಕಡಾಣಿಯ ಕೆಲಸವನ್ನು ನಟ್ಟು ಮತ್ತು ಪಿನ್ನು ಮಾಡುತ್ತವೆ. ಕೀಲೆಣ್ಣೆಯ ಜಾಗದಲ್ಲಿ ಗ್ರೀಸ್ ಇರುತ್ತದೆ. ಅಚ್ಚಿಗೂ ಚಕ್ರಕ್ಕೂ ನಡುವೆ ಬೇರಿಂಗ್ ಇರುತ್ತದೆ.

ಬೇರಿಂಗ್ ಎಂದರೇನು?

ರಾಗಿ ಚೀಲವನ್ನು ನೆಲದ ಮೇಲೆ ಎಳೆದು ನೋಡಿ. ಕಷ್ಟ. ಅದರ ಕೆಳಗೆ ಎರಡು ಒನಕೆ ಅಡ್ಡ ಇಟ್ಟು ತಳ್ಳಿ. ಚೀಲ ಉರುಳಿಕೊಂಡು ಹೋಗುತ್ತದೆ. ಬೇರಿಂಗಿನ ಗುಟ್ಟೂ ಇದೇ. ಅದರಲ್ಲಿ ಉಕ್ಕಿನ ಎರಡು ಬಳೆಗಳಿವೆ. ಒಂದು ಒಳಗೆ, ಒಂದು ಹೊರಗೆ. ನಡುವೆ ಸಣ್ಣ ಸಣ್ಣ ರೋಲರುಗಳಿವೆ. ಒಂದು ಚಕ್ರಕ್ಕೆ ಎರಡು ಬೇರಿಂಗ್ ಇರುತ್ತವೆ. ಇವು ಕೂರುವ ಚಕ್ರದ ನಡುಭಾಗವೇ ಹಬ್.

ಗ್ರೀಸ್ ಒಣಗಿದರೆ ಅಥವಾ ಹಳ್ಳದ ನೀರು, ಮಣ್ಣು ಒಳಗೆ ಹೋದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ. ರೋಲರು ಉರುಳುವುದಿಲ್ಲ, ಉಜ್ಜುತ್ತದೆ. ಹಬ್ ಕಾಯುತ್ತದೆ. ಎತ್ತುಗಳು ಏದುಸಿರು ಬಿಡುತ್ತವೆ. ಹಾಗೇ ಓಡಿಸಿದರೆ ಅಚ್ಚು ಸವೆಯುತ್ತದೆ. ತುಂಬಿದ ಗಾಡಿಯ ಚಕ್ರ ದಾರಿಯಲ್ಲೇ ಕಳಚಬಹುದು. ಎತ್ತಿಗೂ ಜನಕ್ಕೂ ಅಪಾಯ.

ಗುರುತಿಸುವುದು ಹೇಗೆ?

ಚಕ್ರವನ್ನು ನೆಲದಿಂದ ಸ್ವಲ್ಪ ಎತ್ತಿ. ಕೈಯಿಂದ ತಿರುಗಿಸಿ. ಗರಗರ ಸದ್ದು ಬಂದರೆ ಬೇರಿಂಗ್ ಹಾಳಾಗಿದೆ. ಟೈರನ್ನು ಮೇಲೆ, ಕೆಳಗೆ ಹಿಡಿದು ಅಲುಗಿಸಿ. ಲಟಲಟ ಅಂದರೆ ಸಡಿಲವಾಗಿದೆ. ತಿರುಗದೇ ಇದ್ದರೆ ಹಿಡಿದುಕೊಂಡಿದೆ.

ಅತ್ತೆ ಸೊಸೆಯ ಮಾತು

ಅತ್ತೆ: ಚಕ್ರ ತಿರುಗ್ತಾನೇ ಇಲ್ಲ ಕಣವ್ವ. ಸುತ್ತಿಗೇಲಿ ನಾಕು ಬಾರಿಸಿದ್ರೆ ಬತ್ತದೆ ಬುಡು.

ಸೊಸೆ: ಬ್ಯಾಡಿ ಅತ್ತೆ. ಬೇರಿಂಗು ಗಟ್ಟಿ ಉಕ್ಕು. ನೇರವಾಗಿ ಹೊಡೆದ್ರೆ ಚೂರು ಸಿಡಿದು ಕಣ್ಣಿಗೆ ಬೀಳ್ತದೆ.

ಅತ್ತೆ: ಹಂಗಾದ್ರೆ ಬೆಂಕಿ ಇಟ್ಟು ಕಾಯಿಸಾನ?

ಸೊಸೆ: ಅದೂ ಬ್ಯಾಡಿ. ಟೈರು ಒಡೆದ್ರೆ ಜೀವಕ್ಕೇ ಸಂಚಕಾರ. ಸೀಮೆಎಣ್ಣೆ ಇಲ್ಲ ಡೀಸೆಲ್ ಬಿಟ್ಟು ಒಂದು ರಾತ್ರಿ ಕಾಯಾನ.

ಸೊಸೆಯ ಮಾತು ಸರಿ. ಅವಸರ ಮಾಡಿದರೆ ಅಚ್ಚೂ ಹೋಗುತ್ತದೆ, ಕೈಯೂ ಹೋಗುತ್ತದೆ.

ಬಿಚ್ಚುವ ಕ್ರಮ

1. ಎತ್ತುಗಳನ್ನು ಬಿಚ್ಚಿ ಕಟ್ಟಿ. ಗಾಡಿಯ ಹೇರು ಇಳಿಸಿ. ಮೂಕಿಗೆ ಗಟ್ಟಿಯಾದ ಊರುಗೋಲು ಕೊಡಿ. ಇನ್ನೊಂದು ಚಕ್ರದ ಹಿಂದೆ, ಮುಂದೆ ಕಲ್ಲು ಇಡಿ.

2. ಜಾಕಿನಿಂದ ಅಚ್ಚನ್ನು ಎತ್ತಿ. ಅಚ್ಚಿನ ಕೆಳಗೆ ದಪ್ಪ ಮರದ ದಿಮ್ಮಿ ಇಡಿ. ಜಾಕ್ ಒಂದನ್ನೇ ನಂಬಬೇಡಿ. ಗಾಡಿಯ ಕೆಳಗೆ ನುಸುಳಬೇಡಿ. ಮಕ್ಕಳನ್ನು ದೂರ ಕಳಿಸಿ.

3. ಟೈರಿನ ಗಾಳಿ ಪೂರ್ತಿ ಬಿಡಿ. ಕೆಲವು ಗಾಡಿಗಳ ರಿಮ್ಮು ಎರಡು ಹೋಳಿನದು. ಗಾಳಿ ಇರುವಾಗ ಅದರ ಬೋಲ್ಟು ಬಿಚ್ಚಿದರೆ ರಿಮ್ಮು ಸಿಡಿಯುತ್ತದೆ.

4. ಹಬ್ಬಿನ ಮುಂದಿನ ಕ್ಯಾಪನ್ನು ಸುತ್ತಲೂ ಮೆಲ್ಲಗೆ ತಟ್ಟಿ ತೆಗೆಯಿರಿ. ಒಳಗೆ ಸೀಳಿದ ಪಿನ್ನು ಕಾಣುತ್ತದೆ. ಇಕ್ಕಳದಿಂದ ಅದನ್ನು ನೆಟ್ಟಗೆ ಮಾಡಿ ಎಳೆಯಿರಿ. ನಟ್ಟು, ವಾಷರ್ ತೆಗೆಯಿರಿ.

5. ಹಬ್ ಬಾರದಿದ್ದರೆ ಸೀಮೆಎಣ್ಣೆ ಅಥವಾ ಡೀಸೆಲ್ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡಿ. ಒಲೆ, ಬೀಡಿ, ದೀಪ ಹತ್ತಿರ ಬರಬಾರದು.

6. ಬೆಳಗ್ಗೆ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು, ಅತ್ತಿತ್ತ ಅಲುಗಿಸುತ್ತಾ ನಿಮ್ಮ ಕಡೆಗೆ ಎಳೆಯಿರಿ. ಇಬ್ಬರು ಇದ್ದರೆ ಒಳ್ಳೆಯದು. ಮುಂದಿನ ಬೇರಿಂಗ್ ಸಡಿಲವಾಗಿ ಚಕ್ರದ ಜೊತೆ ಬರುತ್ತದೆ.

7. ಹಿಂದಿನ ಬೇರಿಂಗಿನ ಒಳಬಳೆ ಅಚ್ಚಿಗೇ ಅಂಟಿಕೊಂಡಿರಬಹುದು. ಹಿತ್ತಾಳೆ ಸರಳನ್ನು ಬಳೆಯ ಹಿಂದೆ ಇಟ್ಟು ತಟ್ಟಿ. ಒಂದೇ ಕಡೆ ತಟ್ಟಬೇಡಿ. ಮೇಲೊಂದು, ಕೆಳಗೊಂದು, ಎಡಕ್ಕೊಂದು, ಬಲಕ್ಕೊಂದು ಏಟು. ಕಣ್ಣಿಗೆ ಕನ್ನಡಕ ಇರಲಿ.

8. ಆಗಲೂ ಬಾರದಿದ್ದರೆ ಅಲ್ಲಿಗೇ ನಿಲ್ಲಿಸಿ. ಮೆಕ್ಯಾನಿಕ್ ಹತ್ತಿರ ಪುಲ್ಲರ್ ಎಂಬ ಸಾಧನ ಇರುತ್ತದೆ. ಅದು ಬಳೆಯನ್ನು ಹಿಡಿದು ಎಳೆಯುತ್ತದೆ. ಕಾಯಿಸುವುದು, ಕತ್ತರಿಸುವುದು ಅವರ ಕೆಲಸ.

ನಂಬರ್ ಓದಿ

ಬೇರಿಂಗನ್ನು ಒರೆಸಿ ನೋಡಿ. ಬಳೆಯ ಮೇಲೆ ನಂಬರ್ ಇರುತ್ತದೆ. ಒಂದು ಬೇರಿಂಗಿನ ಮೇಲೆ 30206 ಎಂದಿದೆ ಎನ್ನಿ. ಕೊನೆಯ ಎರಡು ಅಂಕಿ 06. ಅದನ್ನು 5ರಿಂದ ಗುಣಿಸಿ. 30 ಬಂತು. ಅದರ ಒಳತೂತು 30 ಮಿಲಿಮೀಟರ್ ಅಗಲ. ಮುಂದಿನದು, ಹಿಂದಿನದು ಬೇರೆ ಬೇರೆ ಅಳತೆ ಇರಬಹುದು. ಎರಡೂ ನಂಬರನ್ನು ಚೀಟಿಯಲ್ಲಿ ಬರೆದುಕೊಳ್ಳಿ.

ಅತ್ತೆ: ಅಂಗಡಿಯವನು ಇದೇ ಅಂತ ಕೊಟ್ಟ. ನಾನು ಚೀಟಿ ಹಿಡಿದು ನೋಡಿದೆ. ಚೀಟೀಲಿ 6 ಐತೆ, ಪೆಟ್ಟಿಗೇಲಿ 5 ಐತೆ.

ಸೊಸೆ: ಆಮೇಲೆ?

ಅತ್ತೆ: ಇದಲ್ಲಪ್ಪ, 30206 ಕೊಡು ಅಂದೆ. ಬದಲಾಯಿಸಿ ಕೊಟ್ಟ. ಮೊದಲಾಗಿದ್ರೆ ಸುಮ್ಕೆ ತಕಂಡು ಬತ್ತಿದ್ದೆ.

ಮತ್ತೆ ಜೋಡಿಸುವಾಗ

ಒಳಬಳೆ, ಹೊರಬಳೆ ಎರಡನ್ನೂ ಜೊತೆಯಾಗಿ ಬದಲಿಸಿ. ಹಳೆಯದಕ್ಕೆ ಹೊಸದು ಕೂಡಿಸಬೇಡಿ. ಅಚ್ಚು ಸವೆದಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ. ಹಬ್ಬನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಅಂಗೈಯಲ್ಲಿ ಗ್ರೀಸ್ ತೆಗೆದುಕೊಂಡು ರೋಲರುಗಳ ಸಂದಿಗೆ ಒತ್ತಿ ತುಂಬಿ. ರೋಲರಿನ ಸಣ್ಣ ತುದಿ ಹಬ್ಬಿನ ಒಳಮುಖಕ್ಕೆ ಇರಲಿ. ಹಿಂದಿನ ಸೀಲ್ ಹೊಸದು ಹಾಕಿ. ಅದು ನೀರನ್ನು ತಡೆಯುತ್ತದೆ.

ಚಕ್ರ ತಿರುಗಿಸುತ್ತಾ ನಟ್ಟು ಬಿಗಿ ಮಾಡಿ. ಆಮೇಲೆ ಸ್ವಲ್ಪ ಸಡಿಲಿಸಿ. ಚಕ್ರ ಸರಾಗವಾಗಿ ತಿರುಗಬೇಕು, ಲಟಲಟ ಅನ್ನಬಾರದು. ಹೊಸ ಪಿನ್ನು ಹಾಕಿ ತುದಿ ಬಗ್ಗಿಸಿ. ತಂತಿ ಕಟ್ಟಿ ಕೆಲಸ ಮುಗಿಸಬೇಡಿ. ಕ್ಯಾಪು ಹಾಕಿ, ಗಾಳಿ ತುಂಬಿಸಿ. ಸ್ವಲ್ಪ ದೂರ ಓಡಿಸಿ ಹಬ್ ಮುಟ್ಟಿ ನೋಡಿ. ಸುಡುವಷ್ಟು ಬಿಸಿಯಾಗಿದ್ದರೆ ನಟ್ಟು ಹೆಚ್ಚು ಬಿಗಿಯಾಗಿದೆ.

ವರ್ಷಕ್ಕೊಮ್ಮೆ, ಸುಗ್ಗಿಗೆ ಮೊದಲು ಗ್ರೀಸ್ ಬದಲಿಸಿ. ಹಬ್ ಮುಳುಗುವಷ್ಟು ನೀರಿನಲ್ಲಿ ಗಾಡಿ ಹೋಗಿದ್ದರೆ ಆಗಲೇ ಬಿಚ್ಚಿ ನೋಡಿ.

ಅಭ್ಯಾಸ

ಉತ್ತರ ಹೇಳಿ:
1. ಬೇರಿಂಗ್ ಹಿಡಿದುಕೊಳ್ಳಲು ಕಾರಣವೇನು?
2. ಚಕ್ರ ಬಿಚ್ಚುವ ಮೊದಲು ಟೈರಿನ ಗಾಳಿ ಏಕೆ ಬಿಡಬೇಕು?
3. ಬೇರಿಂಗ್ ನಂಬರ್ 30207. ಒಳತೂತು ಎಷ್ಟು ಮಿಲಿಮೀಟರ್?

ಬಿಟ್ಟ ಜಾಗ ತುಂಬಿ:
1. ಅಚ್ಚಿನ ಕೆಳಗೆ ದಪ್ಪ ಮರದ ________ ಇಡಬೇಕು.
2. ರೋಲರುಗಳ ಸಂದಿಗೆ ________ ತುಂಬಬೇಕು.

ಮಾಡಿ ನೋಡಿ: ನಿಮ್ಮ ಮನೆಯ ಗಾಡಿ, ಸೈಕಲ್ ಅಥವಾ ಪಂಪಿನ ಮೇಲಿರುವ ನಂಬರುಗಳನ್ನು ಓದಿ. ಪುಸ್ತಕದಲ್ಲಿ ಬರೆಯಿರಿ. ಮುಂದಿನ ತರಗತಿಯಲ್ಲಿ ಎಲ್ಲರಿಗೂ ಓದಿ ಹೇಳಿ.